ಕಾಫಿ ದುಡ್ಡು ಕೈಗೆ ಬರುವ ಮುಂಚೆ ಮಾಡಿಡುವ ಸಾಲದ ಲೆಕ್ಕ

ಸಾಲ ತೀರಿಸುವ ಪಾಠಗಳೆಲ್ಲ ತಿಂಗಳ ಸಂಬಳದವರಿಗೆಂದೇ ಬರೆದಂತಿರುತ್ತವೆ. ಕೊಡಗಿನ ತೋಟದ ಮನೆಗೆ ದೊಡ್ಡ ದುಡ್ಡು ಬರುವುದು ವರ್ಷಕ್ಕೊಮ್ಮೆ. ಅರೇಬಿಕಾದ್ದು ಡಿಸೆಂಬರ್ ಹೊತ್ತಿಗೆ, ರೊಬಸ್ಟಾದ್ದು ಜನವರಿಯಿಂದ ಮಾರ್ಚ್‌ವರೆಗೆ, ಅದರ ಬೆನ್ನಿಗೇ ಕರಿಮೆಣಸಿನದ್ದು. ಕಂತು ಮಾತ್ರ ಹನ್ನೆರಡೂ ತಿಂಗಳು ಕಟ್ಟಬೇಕು. ಅದಕ್ಕೇ ಇಲ್ಲಿ ಬಡ್ಡಿದರದಷ್ಟೇ ತಾರೀಕೂ ಮುಖ್ಯ.

ಎಲ್ಲವನ್ನೂ ಒಂದೇ ಅಳತೆಗೆ ತರುವುದು

ಒಂದು ಹಾಳೆ, ಐದು ಕಾಲಂ: ಯಾರಿಗೆ ಕೊಡಬೇಕು, ಉಳಿದ ಅಸಲು, ವರ್ಷದ ಬಡ್ಡಿ, ಕೊನೆಯ ದಿನ, ಅಡವಿಟ್ಟದ್ದು ಏನು. ಬೇರೆಯವರಿಗೆ ಜಾಮೀನು ನಿಂತ ಸಾಲವಿದ್ದರೆ ಹಾಳೆಯ ಅಡಿಯಲ್ಲಿ ಬರೆದಿಡಿ.

ಎಲ್ಲರೂ ಎಡವುವುದು ಮೂರನೇ ಕಾಲಂನಲ್ಲಿ. ಕೈಸಾಲ ಕೊಟ್ಟವರು ‘ನೂರಕ್ಕೆ ಮೂರು’ ಅನ್ನುವುದು ತಿಂಗಳ ಲೆಕ್ಕ, ವರ್ಷಕ್ಕೆ ಅದು ಶೇ. 36. ಮೊದಲ ತಿಂಗಳ ಬಡ್ಡಿ ಮುರಿದುಕೊಂಡು 50,000ಕ್ಕೆ 48,500 ಕೈಗಿತ್ತರೆ ಇನ್ನೂ ಸ್ವಲ್ಪ ಹೆಚ್ಚು. ಕ್ರೆಡಿಟ್ ಕಾರ್ಡ್‌ನಲ್ಲಿ ತಿಂಗಳಿಗೆ 3.5 ಅಂದರೆ ವರ್ಷಕ್ಕೆ 42, ಆ ಬಡ್ಡಿಯ ಮೇಲೆ ಶೇ. 18 ಜಿಎಸ್‌ಟಿ ಸೇರಿ 49 ದಾಟುತ್ತದೆ. ‘ಮಿನಿಮಮ್’ ಮಾತ್ರ ಕಟ್ಟುತ್ತಾ ಹೋದರೆ ಹೊಸದಾಗಿ ಕೊಂಡ ಸಾಮಾನಿಗೂ ಕೊಂಡ ದಿನದಿಂದಲೇ ಬಡ್ಡಿ ಬೀಳುತ್ತದೆ.

ಫ್ಲಾಟ್ ದರ, ಅಂದರೆ ಕೊನೆಯ ಕಂತಿನವರೆಗೂ ಮೊದಲ ಅಸಲಿನ ಮೇಲೆಯೇ ಹಾಕುವ ಬಡ್ಡಿ, ಇನ್ನೂ ನಯವಾಗಿ ಮೋಸ ಮಾಡುತ್ತದೆ. ಒಂದು ಲಕ್ಷ, ಎರಡು ವರ್ಷ, ಶೇ. 12 ಫ್ಲಾಟ್ ಎಂದಿಟ್ಟುಕೊಳ್ಳಿ. ಬಡ್ಡಿ 24,000, ಕಂತು ಸುಮಾರು 5,167. ಒಂದು ವರ್ಷ ಕಳೆಯುವಷ್ಟರಲ್ಲಿ ಅಸಲಿನ ಅರ್ಧದ ಹತ್ತಿರ ವಾಪಸ್ ಹೋಗಿರುತ್ತದೆ. ಬಡ್ಡಿ ಮಾತ್ರ ಆಗಲೂ ಪೂರ್ತಿ ಲಕ್ಷದ ಮೇಲೆಯೇ. ಅಂದರೆ ಸರಾಸರಿ ಅರ್ಧ ಲಕ್ಷ ಕೈಯಲ್ಲಿಟ್ಟುಕೊಂಡು ಇಡೀ ಲಕ್ಷಕ್ಕೆ ಬಡ್ಡಿ ತೆತ್ತಂತೆ. ಎರಡು ಮೂರು ವರ್ಷದ ಸಾಲಕ್ಕೆ ಒಂದು ಅಡ್ಡದಾರಿ ಉಂಟು: ಫ್ಲಾಟ್ ದರವನ್ನು 1.8ರಿಂದ ಗುಣಿಸಿ. 12 ಅನ್ನುವುದು 21.6 ಆಗುತ್ತದೆ. ಕಾಲಂನಲ್ಲಿ ಬರೆಯಬೇಕಾದ್ದು ಈ ಅಂಕಿ.

ಶೂನ್ಯ ಬಡ್ಡಿ ಸಾಲ ಪಟ್ಟಿಯಲ್ಲಿ ಎಲ್ಲಿ?

ಮೊದಲು ತೀರಿಸಬೇಕಾದ ಹೆಚ್ಚು ಬಡ್ಡಿಯದು ಮೇಲೆ ಬರುವಂತೆ ದರದ ಪ್ರಕಾರ ಜೋಡಿಸಿದರೆ ಸಹಕಾರ ಸಂಘದ ಬೆಳೆಸಾಲ ಪಟ್ಟಿಯ ತಳಕ್ಕೆ ಹೋಗುತ್ತದೆ. ರಾಜ್ಯದ 2023-24ರ ಬಜೆಟ್‌ನಲ್ಲಿ ಶೂನ್ಯ ಬಡ್ಡಿ ಸಾಲದ ಮಿತಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿತು. ಆದರೆ ಬಡ್ಡಿಯನ್ನು ಸರ್ಕಾರ ಹೊರುವುದು ವಾಯಿದೆಯೊಳಗೆ ಕಟ್ಟಿದವರಿಗೆ ಮಾತ್ರ. ತಾರೀಕು ತಪ್ಪಿತೋ, ಸಾಲ ಎತ್ತಿದ ದಿನದಿಂದಲೇ ಮಾಮೂಲಿ ಬಡ್ಡಿ. ಅದು ಶೇ. 10 ಎಂದುಕೊಂಡರೂ 3 ಲಕ್ಷಕ್ಕೆ ವರ್ಷದ ಬಡ್ಡಿ 30,000, ಅದೂ ಒಂದು ದಿನದ ತಡಕ್ಕೆ.

ಹಾಗಾಗಿ ಈ ಸಾಲ ದರದ ಪಟ್ಟಿಯಲ್ಲಿ ಕೊನೆ, ತಾರೀಕಿನ ಪಟ್ಟಿಯಲ್ಲಿ ಮೊದಲು. ಎರಡನ್ನೂ ಬೇರೆ ಬೇರೆ ಬರೆಯದಿದ್ದರೆ ತಲೆ ಕೆಡುತ್ತದೆ.

ವಾಯಿದೆ ಹತ್ತಿರ ಬಂದು ಕೈಯಲ್ಲಿ ದುಡ್ಡಿಲ್ಲದಿದ್ದರೆ ನೂರಕ್ಕೆ ಮೂರರಂತೆ ಕೈಸಾಲ ತಂದು ಕಟ್ಟಿ, ಸಂಘದಿಂದ ಹೊಸ ಸಾಲ ಬಂದೊಡನೆ ಅದನ್ನು ತೀರಿಸುವುದು ರೂಢಿ. ಲೆಕ್ಕಕ್ಕೆ ಇದು ತಪ್ಪಲ್ಲ. ಒಂದು ತಿಂಗಳಿಗೆ 9,000 ಹೋಗುತ್ತದೆ, 30,000 ಉಳಿಯುತ್ತದೆ. ಕೆಡುವುದು ಹೊಸ ಸಾಲ ತಡವಾದಾಗ. ನಾಲ್ಕು ತಿಂಗಳಾದರೆ 36,000, ಉಳಿಸಿದ್ದಕ್ಕಿಂತ ಜಾಸ್ತಿ. ಹೊಸ ಸಾಲ ಯಾವ ವಾರ ಖಾತೆಗೆ ಬೀಳುತ್ತದೆ ಎಂದು ಸಂಘದ ಕಾರ್ಯದರ್ಶಿಯವರನ್ನು ಕೇಳಿ ತಿಳಿದ ಮೇಲೆಯೇ ಕೈಸಾಲಕ್ಕೆ ಹೋಗಿ.

ಇನ್ನೊಂದು: ಶೇ. 36ರ ಸಾಲ ಬಾಕಿ ಇರುವಾಗ ‘ಈ ಸಲ ಸಂಘದ ಸಾಲ ಕಡಿಮೆ ಮಾಡೋಣ’ ಎಂದು ಹೊರಡಬೇಡಿ. ಅದನ್ನು ವಾಯಿದೆಗೆ ಸರಿಯಾಗಿ ನವೀಕರಿಸುತ್ತಾ ಇರಲಿ, ಸ್ವಂತ ದುಡ್ಡು ಕೈಸಾಲಕ್ಕೆ ಹೋಗಲಿ.

ಮೂಟೆ ಲೆಕ್ಕ

ದರ ಏರಲಿ ಎಂದು ಚೆರ್ರಿಯನ್ನು (ಸಿಪ್ಪೆ ಸಮೇತ ಒಣಗಿಸಿದ ಕಾಫಿ) ಮನೆಯಲ್ಲೇ ಪೇರಿಸಿಟ್ಟು, ಅದೇ ಹೊತ್ತಿಗೆ ಕೈಸಾಲಕ್ಕೆ ಬಡ್ಡಿ ಕಟ್ಟುವವರಿದ್ದಾರೆ. ಲೆಕ್ಕ ಸುಲಭವಾಗಲೆಂದು 50 ಕಿಲೋ ಮೂಟೆಗೆ 10,000 ಎಂದಿಡಿ. ನೂರಕ್ಕೆ ಮೂರರ ಸಾಲವಿದ್ದರೆ ಆ ಮೂಟೆ ಮನೆಯಲ್ಲಿ ಕೂತಿರುವುದಕ್ಕೆ ತಿಂಗಳಿಗೆ 300 ರೂಪಾಯಿ ಬಾಡಿಗೆ. ಮಾರ್ಚ್‌ನಿಂದ ಜೂನ್‌ಗೆ 900. ಜೂನ್‌ನಲ್ಲಿ ದರ 10,900 ದಾಟಿದರೆ ಮಾತ್ರ ಕಾದದ್ದಕ್ಕೆ ಲಾಭ. ಮಳೆ ಹಿಡಿದ ಮೇಲೆ ಚೆರ್ರಿ ತೇವ ಹೀರಿ ಬೂಷ್ಟು ಬಂದರೆ ವ್ಯಾಪಾರಿ ದರ ಮುರಿಯುತ್ತಾನೆ, ಅದು ಬೇರೆ.

ಎಲ್ಲವನ್ನೂ ಮಾರಬೇಕೆಂದಲ್ಲ. ಕೈಸಾಲ 2 ಲಕ್ಷವಿದ್ದರೆ 20 ಮೂಟೆ ಮಾರಿ ಅದನ್ನು ಮುಗಿಸಿ, ಉಳಿದದ್ದನ್ನು ಇಟ್ಟುಕೊಳ್ಳಿ. ಆಮೇಲೆ ಉಳಿಯುವುದು ಶೇ. 12ರ ಚಿನ್ನದ ಸಾಲವಾದರೆ ಮೂಟೆಯ ಬಾಡಿಗೆ 100ಕ್ಕೆ ಇಳಿಯುತ್ತದೆ, ಕಾಯುವುದು ಅಷ್ಟು ದುಬಾರಿಯಲ್ಲ.

ಮಳೆಗಾಲದ ಕಂತು

ಜೂನ್‌ನಿಂದ ಸೆಪ್ಟೆಂಬರ್ ನಾಲ್ಕು ತಿಂಗಳು. ಹೋಂಸ್ಟೇ ಕೂಡ ಖಾಲಿ, ಶಾಲೆ ಫೀಸು ಬೇರೆ, ವಾರದ ಬಟವಾಡೆ ನಿಲ್ಲುವುದಿಲ್ಲ. ಕಾಫಿ ದುಡ್ಡು ಬಂದ ವಾರವೇ ನಾಲ್ಕು ಕಂತಿನ ಮೊತ್ತವನ್ನು ಬೇರೆ ಖಾತೆಗೆ ಹಾಕಿ, ಬ್ಯಾಂಕಿನ ಆಟೋ ಡೆಬಿಟ್ ಆ ಖಾತೆಯಿಂದಲೇ ಆಗುವಂತೆ ಮಾಡಿ. ಒಂದು ಕಂತು ಬೌನ್ಸ್ ಆದರೆ ಖಾತೆಯಿರುವ ಬ್ಯಾಂಕೂ ಸಾಲ ಕೊಟ್ಟವರೂ ಇಬ್ಬರೂ ದಂಡ ಹಾಕುತ್ತಾರೆ.

ಕಂತಿಗಿಂತ ಹೆಚ್ಚು ಕಟ್ಟುವಾಗ

ಸುಮ್ಮನೆ ಕಟ್ಟಿದರೆ ಎಷ್ಟೋ ಕಡೆ ಅದು ಮುಂದಿನ ಕಂತಿನ ಮುಂಗಡವಾಗಿ ಕೂರುತ್ತದೆ, ಅಸಲು ಇಳಿಯುವುದಿಲ್ಲ. ‘ಅಸಲಿಗೆ ಜಮಾ ಮಾಡಿ, ಕಂತು ಹಾಗೇ ಇರಲಿ, ಅವಧಿ ಕಡಿಮೆ ಮಾಡಿ’ ಎಂದು ಅರ್ಜಿ ಬರೆದುಕೊಟ್ಟು ಹೊಸ ಕಂತು ಪಟ್ಟಿ ಕೇಳಿ ಪಡೆಯಿರಿ. ಸ್ಥಿರ ದರದ ಸಾಲವಾದರೆ ಮುಂಚಿತ ಪಾವತಿಗೆ ಶುಲ್ಕವಿದೆಯೇ ಎಂದು ಕರಾರು ಪತ್ರ ನೋಡಿ.

ತೀರಿದ ಮೇಲೆ

ಬೇಬಾಕಿ ಪತ್ರ ಪಡೆದು, ಪಹಣಿಯ 11ನೇ ಕಾಲಂನಿಂದ ಸಾಲದ ನಮೂದು ತೆಗೆಸಿ. ಅದು ಹಾಗೇ ಉಳಿದರೆ ಮುಂದಿನ ಸಾಲಕ್ಕೂ ಪಾಲು ಪಟ್ಟಿಗೂ ಅಡ್ಡ ಬರುತ್ತದೆ. ಮನೆ ಸಾಲದಂಥ ವೈಯಕ್ತಿಕ ಸಾಲವಾದರೆ, ಅಡವಿಟ್ಟ ಆಸ್ತಿ ಪತ್ರಗಳನ್ನು ಪೂರ್ತಿ ತೀರಿದ 30 ದಿನದೊಳಗೆ ಬ್ಯಾಂಕ್ ವಾಪಸ್ ಕೊಡಬೇಕು. 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿರುವ ಆರ್‌ಬಿಐ ನಿಯಮದಂತೆ, ತಡ ಬ್ಯಾಂಕಿನದೇ ಆದರೆ ದಿನಕ್ಕೆ 5,000 ರೂಪಾಯಿ ಪರಿಹಾರ.