ಟಿವಿ ಕೂಸಿಗೆ ಉತ್ತರ ಕೊಡುವುದಿಲ್ಲ

ಹುಬ್ಬಳ್ಳಿಯಲ್ಲಿ ಡೇಕೇರ್ ಹುಡುಕುವವರು ಮೊದಲು ಕೇಳುವುದು ಸಿಸಿಟಿವಿ ಇದೆಯಾ, ಎಸಿ ಇದೆಯಾ ಅಂತ. ಕೆಲವು ಕಡೆ ಗೋಡೆ ಮೇಲೆ ದೊಡ್ಡ ಟಿವಿಯೂ ಇರುತ್ತದೆ. ದಿನವಿಡೀ ಇಂಗ್ಲಿಷ್ ರೈಮ್ಸ್. ಕೂಸು ಈಗಿಂದಲೇ ಮಾತು ಕಲಿಯಲಿ ಅಂತ! ಆ ಟಿವಿ ನೋಡಿದರೆ ನನಗೆ ಸಿಟ್ಟೇ ಬರುತ್ತದೆ.

ಕೂಸಿನ ಕಿವಿ ಎಂಥ ಅದ್ಭುತ ಗೊತ್ತಾ? ತ ಮತ್ತು ಟ ನಮಗೆ ಬೇರೆ ಬೇರೆ. ಇಂಗ್ಲಿಷ್ ಮಾತ್ರ ಬಲ್ಲ ದೊಡ್ಡವರಿಗೆ ಎರಡೂ ಹೆಚ್ಚುಕಡಿಮೆ ಒಂದೇ. ಅವರ ಮಕ್ಕಳಿಗೆ? ಕೆನಡಾದ ಮನೋವಿಜ್ಞಾನಿಗಳಾದ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಇದನ್ನು ಪರೀಕ್ಷಿಸಿ 1984ರಲ್ಲಿ ಬರೆದರು. ಸ್ಪೀಕರಿನಲ್ಲಿ ಹಿಂದಿಯ ತಾ, ತಾ, ತಾ ಬರುತ್ತಿರುತ್ತದೆ. ನಡುವೆ ಟಾ ಬಂದಾಗ ಕೂಸು ತಲೆ ತಿರುಗಿಸಿದರೆ ದೀಪ ಹತ್ತಿ ಆಟಿಕೆ ಪ್ರಾಣಿಯೊಂದು ಕಾಣುತ್ತದೆ. 6-8 ತಿಂಗಳ ಕೂಸುಗಳು ಸಲೀಸಾಗಿ ತಿರುಗಿದವು. 10-12 ತಿಂಗಳಿನವುಗಳಲ್ಲಿ ಬಹುಪಾಲಿಗೆ ವ್ಯತ್ಯಾಸವೇ ಗೊತ್ತಾಗಲಿಲ್ಲ. ಹಿಂದಿ ಮನೆಯ ಕೂಸುಗಳಿಗೆ ಮಾತ್ರ ಅದು ಉಳಿದಿತ್ತು.

ಎಳೆಯ ಮಿದುಳು ಬೇಕಾದ್ದಕ್ಕಿಂತ ಜಾಸ್ತಿ ನರಸಂಪರ್ಕ ಕಟ್ಟಿಕೊಳ್ಳುತ್ತದೆ. ಆಮೇಲೆ, ಒತ್ತಾಗಿ ಎದ್ದ ಜೋಳದ ಸಸಿ ಕಿತ್ತು ತೆಳುವು ಮಾಡುತ್ತಾರಲ್ಲ, ಹಾಗೆ ಬಳಕೆಯಾಗದ್ದನ್ನು ತೆಗೆದುಹಾಕುತ್ತದೆ. ಬಳಕೆಯಾದದ್ದು ಬಲಿಯುತ್ತದೆ.

ಹಾಗಾದರೆ ಟಿವಿಯಲ್ಲಿ ಕೇಳಿದ ಮಾತೂ ಬಳಕೆಯೇ ಅಲ್ವಾ? ಅಲ್ಲ. ಅಮೆರಿಕದ ಸಿಯಾಟಲ್‌ನ ಸಂಶೋಧಕಿ ಪೆಟ್ರೀಷಿಯಾ ಕೂಲ್ 2003ರಲ್ಲಿ ಇದನ್ನು ತೋರಿಸಿದರು. 9 ತಿಂಗಳ ಅಮೆರಿಕನ್ ಕೂಸುಗಳ ಎದುರು ಚೀನೀ ಮಾತಾಡುವವರು ಕೂತು ಪುಸ್ತಕ ಓದಿದರು, ಆಟವಾಡಿಸಿದರು. 25 ನಿಮಿಷದ ಬರೀ 12 ಭೇಟಿ. ಅಷ್ಟರಲ್ಲೇ ಚೀನೀ ದನಿಗಳ ವ್ಯತ್ಯಾಸ ಕೂಸುಗಳ ಕಿವಿಗೆ ಹತ್ತಿತ್ತು. ಅದೇ ಮಾತನ್ನು ಟಿವಿಯಲ್ಲಿ ತೋರಿಸಿದಾಗ ಏನೂ ಹತ್ತಲಿಲ್ಲ. ಎದುರಿಗಿರುವ ಮನುಷ್ಯರು ಕೂಸಿನ ಕಣ್ಣು ಹೋದ ಕಡೆ ನೋಡುತ್ತಾರೆ. "ಆಂ" ಅಂದರೆ "ಏನವ್ವಾ, ಫ್ಯಾನ್ ತಿರಗಾಕತ್ತೈತೇನು?" ಅನ್ನುತ್ತಾರೆ. ಮತ್ತೆ ಅದರ ಸರದಿಗೆ ಕಾಯುತ್ತಾರೆ. ಟಿವಿ ಯಾರಿಗೂ ಕಾಯುವುದಿಲ್ಲ.

ಅದಕ್ಕೇ ಡೇಕೇರ್‌ನಲ್ಲಿ ಮೊದಲು ಕೇಳಬೇಕಾದ್ದು ಒಬ್ಬ ಆಯಾಗೆ ಎಷ್ಟು ಕೂಸು ಅಂತ. ವರ್ಷದೊಳಗಿನವಾದರೆ ಒಬ್ಬರಿಗೆ 3 ಸಾಕು ಅನ್ನುತ್ತದೆ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ. ಎಂಟು-ಹತ್ತು ಕೂಸು ಇಟ್ಟುಕೊಂಡ ಆಯಾ ಎಷ್ಟೇ ಒಳ್ಳೆಯವರಾದರೂ ಯಾರಿಗೆ ಅಂತ ಉತ್ತರ ಕೊಟ್ಟಾರು? ಅತ್ತಾಗ ಎತ್ತಿಕೊಂಡರೆ ಕೈರೂಢಿ ಆಗುತ್ತದೆ ಅಂತ ಅವರನ್ನು ಗದರುವ ತಂದೆತಾಯಿ ಬೇರೆ. ಎಳೆ ಕೂಸು ಎತ್ತಿಕೊಂಡದ್ದಕ್ಕೆ ಕೆಡುವುದಿಲ್ಲ.

ನರೇಗಾ ಕೂಲಿಗೆ ಹೋಗುವ ತಾಯಂದಿರಿಗಾಗಿ ರಾಜ್ಯ ಸರ್ಕಾರ 2023ರಲ್ಲಿ 4000 ಗ್ರಾಮ ಪಂಚಾಯಿತಿಗಳಿಗೆ 'ಕೂಸಿನ ಮನೆ' ಎಂಬ ಶಿಶುಪಾಲನಾ ಕೇಂದ್ರ ಘೋಷಿಸಿತು. ಗದಗ, ಹಾವೇರಿಯ ಹಳ್ಳಿಗಳಲ್ಲಿ ಕೂಸನ್ನು ಹೀಗೆ ಮಾತಿಗೆಳೆಯಲು ದುಬಾರಿ ಆಟಿಕೆ ಬೇಕಿಲ್ಲ. ರೊಟ್ಟಿ ಹಿಟ್ಟಿನ ಒಂದು ಉಂಡೆ ಸಾಕು. ಜೋಳದಲ್ಲಿ ಗೋಧಿಯ ಅಂಟು ಇಲ್ಲವಲ್ಲ, ಕೂಸು ಹಿಚುಕಿದರೆ ಅಂಚು ಬಿರಿಯುತ್ತದೆ, ಬೆರಳ ಸಂದಿಗೆ ಮೆತ್ತುತ್ತದೆ. ತಟ್ಟನೆ ತಲೆ ಎತ್ತಿ ನಿಮ್ಮ ಮುಖ ನೋಡುತ್ತದೆ. ಮಾತಾಡಬೇಕಾದ್ದು ಆಗಲೇ. ಉಂಡೆ ಆರಿರಲಿ, ದೊಡ್ಡವರೊಬ್ಬರು ಪಕ್ಕದಲ್ಲೇ ಇರಲಿ. ಶೇಂಗಾ, ಪುಟಾಣಿ (ಹುರಿಗಡಲೆ), ಹುಣಸೆ ಬೀಜ ಮಾತ್ರ ಕೈಗೆ ಸಿಗದ ಹಾಗೆ ಇಡಿ, ಉಸಿರ ನಾಳಕ್ಕೆ ಸಿಕ್ಕಿಕೊಳ್ಳುತ್ತವೆ.