‘ಹಳೇ ಸೆವೆನ್ನೇ ಹಾಕ್ಬುಡಿ ಸಾರ್’

ವಿಂಡೋಸ್ 10ಕ್ಕೆ ಮಾಮೂಲಿಯಾಗಿ ಬರುತ್ತಿದ್ದ ಭದ್ರತಾ ಅಪ್‌ಡೇಟುಗಳು 2025ರ ಅಕ್ಟೋಬರ್ 14ಕ್ಕೆ ನಿಂತವು. ಈಗ ಮೈಸೂರಿನ ಕಂಪ್ಯೂಟರ್ ರಿಪೇರಿ ಅಂಗಡಿಗಳಿಗೆ ಎರಡು ಥರದ ಗಿರಾಕಿಗಳು ಬರುತ್ತಾರೆ. ಒಬ್ಬರಿಗೆ ವಿಂಡೋಸ್ ಇಲೆವೆನ್ ಬೇಕು, ಅವರ ಹಳೆಯ ಮಷೀನು ಅದಕ್ಕೆ ಒಪ್ಪುತ್ತಿಲ್ಲ. ಇನ್ನೊಬ್ಬರ ಹೊಸ ಮಷೀನಿನಲ್ಲಿ ಇಲೆವೆನ್ ಇದೆ, ಅವರಿಗೆ ಅದು ಬೇಡ. ‘ಹಳೇ ಸೆವೆನ್ನೇ ಹಾಕ್ಬುಡಿ ಸಾರ್, ಇದ್ರಲ್ಲಿ ನಮ್ ಕೆಲ್ಸ ಆಗಲ್ಲ’ ಅನ್ನುವ ಈ ಎರಡನೆಯವರಲ್ಲಿ ಅಚ್ಚಿಗೆ ಪುಟ ಜೋಡಿಸಿಕೊಡುವ ಡಿಟಿಪಿಯವರೂ ಇದ್ದಾರೆ. ಇದು ಬರೀ ಹಳೇ ಚಾಳಿ ಅಂತ ನಗುವವರುಂಟು. ನನ್ನ ಪ್ರಕಾರ ಅವರ ಬೇಡಿಕೆ ನ್ಯಾಯವಾದದ್ದೇ, ಕೇಳುತ್ತಿರುವ ಮದ್ದು ಮಾತ್ರ ಸರಿಯಿಲ್ಲ.

ಸರಸ್ವತಿಪುರಂ ಕಡೆ ಜೆರಾಕ್ಸು, ಬೈಂಡಿಂಗು, ಡಿಟಿಪಿ ಮೂರನ್ನೂ ಒಟ್ಟಿಗೇ ನಡೆಸುವ ಅಂಗಡಿಗಳಿವೆ. ಮಾನಸಗಂಗೋತ್ರಿಯ ವಿದ್ಯಾರ್ಥಿಗಳ ಪ್ರಬಂಧ, ಲಗ್ನಪತ್ರಿಕೆ, ತಿಥಿ ಕಾರ್ಡು, ಎಲ್ಲ ಅಲ್ಲೇ ಆಗಬೇಕು. ಇಂಥ ಕಡೆ ಹಳೆಯ ಓಎಸ್ (ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶ) ಬಿಟ್ಟುಹೋಗದೆ ಇರುವುದಕ್ಕೆ ಕಾರಣಗಳ ಒಂದು ಸರಪಳಿಯೇ ಇದೆ. ವರ್ಷಗಟ್ಟಲೆ ಕೂಡಿಟ್ಟ ಕನ್ನಡ ಫೈಲುಗಳು ಯೂನಿಕೋಡಿನಲ್ಲಿಲ್ಲ, ಅಂದರೆ ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಒಂದೇ ಅಕ್ಷರಸಂಕೇತದಲ್ಲಿಲ್ಲ. ನುಡಿ, ಬರಹ, ಶ್ರೀಲಿಪಿಗಳ ಹಳೆಯ ಫಾಂಟುಗಳಲ್ಲಿವೆ. ಅವುಗಳಿಗೆ ಹೊಂದಿಕೊಂಡ ಪುಟವಿನ್ಯಾಸದ ತಂತ್ರಾಂಶ ಪೇಜ್‌ಮೇಕರ್. ಅದರ 7.0 ಆವೃತ್ತಿ ಬಂದದ್ದು 2001ರಲ್ಲಿ, ವಿಂಡೋಸ್ ಎಕ್ಸ್‌ಪಿ ಬಂದ ವರ್ಷವೇ. ಆಮೇಲೆ ಅಡೋಬಿ ಇನ್‌ಡಿಸೈನ್ ಕಡೆ ಹೊರಳಿತು, ಪೇಜ್‌ಮೇಕರ್ ಅಲ್ಲಿಗೇ ನಿಂತಿತು. ಅದಕ್ಕೆ ಯೂನಿಕೋಡ್ ಕನ್ನಡ ಬರುವುದಿಲ್ಲ. ಸಾಲದ್ದಕ್ಕೆ ಕೆಲವು ಲಿಪಿ ತಂತ್ರಾಂಶಗಳು ಡಾಂಗಲ್ (ಲೈಸೆನ್ಸಿನ ಬೀಗದಕೈಯಂಥ ಪುಟ್ಟ ಸಾಧನ) ಸಿಕ್ಕಿಸದೆ ತೆರೆಯುವುದೇ ಇಲ್ಲ, ಆ ಹಳೆಯ ಡಾಂಗಲಿನ ಡ್ರೈವರು, ಅಂದರೆ ಅದನ್ನು ವಿಂಡೋಸ್‌ಗೆ ಪರಿಚಯಿಸುವ ತಂತ್ರಾಂಶ, 32 ಬಿಟ್ ಎಂಬ ಹಳೆಯ ಬಗೆಯದು. ವಿಂಡೋಸ್ 11 ಇರುವುದೇ 64 ಬಿಟ್ಟಿನಲ್ಲಿ. ಅದರ ತಿರುಳಾದ ಕರ್ನೆಲ್ 32 ಬಿಟ್ ಡ್ರೈವರನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. 16 ಬಿಟ್ಟಿನ ಪ್ರೋಗ್ರಾಂಗಳಂತೂ ಸುತರಾಂ ಓಡವು.

ಅಲ್ಲಿಗೆ, ಹಳೆಯ ಓಎಸ್ ಬೇಕಾಗಿರುವುದು ಒಂದೆರಡು ತಂತ್ರಾಂಶಗಳಿಗೆ. ಅದಕ್ಕಾಗಿ ಇಡೀ ಮಷೀನನ್ನೇ ಹಿಂದಕ್ಕೆ ಎಳೆಯಲು ಹೋದರೆ ಏನಾಗುತ್ತದೆ?

ಹೊಸ ಡೆಸ್ಕ್‌ಟಾಪಿಗೆ ವಿಂಡೋಸ್ 7ರ ಪೆನ್‌ಡ್ರೈವ್ ಸಿಕ್ಕಿಸಿ. ಅದೃಷ್ಟವಿದ್ದರೆ ಬೂಟ್ ಆಗುತ್ತದೆ, ಫೈಲುಗಳು ಲೋಡ್ ಆಗುತ್ತವೆ, ಭಾಷೆ ಆರಿಸುವ ನೀಲಿ ಪರದೆ ಬರುತ್ತದೆ. ಅಲ್ಲಿ ಮೌಸ್ ಅಲ್ಲಾಡುವುದಿಲ್ಲ. ಕೀಬೋರ್ಡ್ ಎಷ್ಟು ಕುಟ್ಟಿದರೂ ಜಪ್ಪಯ್ಯ ಅನ್ನುವುದಿಲ್ಲ. ಅರೆಗಳಿಗೆ ಮುಂಚೆ ಬೂಟ್ ಮೆನುವಿನಲ್ಲಿ ಇದೇ ಕೀಬೋರ್ಡ್ ಕೆಲಸ ಮಾಡಿತ್ತಲ್ಲ! ಹೇಗೋ ಮುಂದಕ್ಕೆ ಹೋದವರಿಗೆ ಸಿಡಿ/ಡಿವಿಡಿ ಡ್ರೈವಿನ ಡ್ರೈವರು ಸಿಗುತ್ತಿಲ್ಲ ಅನ್ನುವ ಸಂದೇಶ ಕಾದಿರುತ್ತದೆ. ಮಷೀನಿನಲ್ಲಿ ಸಿಡಿ ಡ್ರೈವೇ ಇಲ್ಲ. ಅದು ಹುಡುಕುತ್ತಿರುವುದು ತಾನು ಎದ್ದುಬಂದ ಪೆನ್‌ಡ್ರೈವನ್ನೇ.

ಬೂಟ್ ಮೆನುವಿನ ಹೊತ್ತಿನಲ್ಲಿ ಕಂಪ್ಯೂಟರನ್ನು ನಡೆಸುವುದು ಮದರ್‌ಬೋರ್ಡಿನ ಚಿಪ್ಪಿನಲ್ಲಿರುವ ಫರ್ಮ್‌ವೇರ್. ಯುಎಸ್‌ಬಿಯನ್ನು ನಿಭಾಯಿಸಲು ಅದರಲ್ಲಿ ಅದರದೇ ಡ್ರೈವರು ಇರುತ್ತದೆ. ವಿಂಡೋಸ್ ಕರ್ನೆಲ್ ಎದ್ದ ಕೂಡಲೇ ಯಜಮಾನಿಕೆ ಬದಲಾಗುತ್ತದೆ, ಅಲ್ಲಿಂದಾಚೆಗೆ ವಿಂಡೋಸ್ ಜೊತೆ ಬಂದ ಡ್ರೈವರುಗಳೇ ಗತಿ. ಯುಎಸ್‌ಬಿ 3.0 ಸ್ಟ್ಯಾಂಡರ್ಡ್ 2008ರ ನವೆಂಬರಿನಲ್ಲಿ ಪ್ರಕಟವಾಯಿತು, ವಿಂಡೋಸ್ 7 ಬಂದದ್ದು 2009ರ ಅಕ್ಟೋಬರಿನಲ್ಲಿ. ಆದರೂ ಅದರ ಡಿಸ್ಕಿನಲ್ಲಿ ಈ ಡ್ರೈವರು ಸೇರಲಿಲ್ಲ, ವಿಂಡೋಸ್ 8ರಲ್ಲಷ್ಟೇ ಸೇರಿತು. ಈ ಕೊರತೆ ಬಹುಕಾಲ ಯಾರನ್ನೂ ಕಾಡಲಿಲ್ಲ, ಏಕೆಂದರೆ ಇಂಟೆಲ್ ಚಿಪ್‌ಸೆಟ್‌ಗಳಲ್ಲಿ ಯುಎಸ್‌ಬಿ 2.0ರ ಪೋರ್ಟುಗಳನ್ನು ನಡೆಸುವ ಹಳೆಯ ಕಂಟ್ರೋಲರೂ ಜೊತೆಗಿರುತ್ತಿತ್ತು. 2015ರ ಸ್ಕೈಲೇಕ್ ಪ್ರೊಸೆಸರ್ ಪೀಳಿಗೆಯಲ್ಲಿ ಇಂಟೆಲ್ ಅದನ್ನು ಕೈಬಿಟ್ಟಿತು. ಮೌಸ್, ಕೀಬೋರ್ಡ್, ಪೆನ್‌ಡ್ರೈವ್ ಮೂರೂ ಒಟ್ಟಿಗೇ ಸೆವೆನ್‌ನ ಕಣ್ಣಿಂದ ಮರೆಯಾದವು.

ಡಿಸ್ಕಿನ ಕಥೆಯೂ ಇದೇ. ಈಗಿನ ಮಷೀನುಗಳ ಎನ್‌ವಿಎಂಇ ಎಸ್‌ಎಸ್‌ಡಿಗಳ (ತಿರುಗುವ ಭಾಗವಿಲ್ಲದ ವೇಗದ ಡಿಸ್ಕುಗಳ) ಸ್ಟ್ಯಾಂಡರ್ಡ್ ಮೊದಲು ಹೊರಬಂದದ್ದು 2011ರಲ್ಲಿ. ಅದಕ್ಕೂ ಎರಡು ವರ್ಷ ಮೊದಲು ಹುಟ್ಟಿದ ವಿಂಡೋಸ್ 7 ಅದನ್ನು ಗುರುತಿಸುವುದಾದರೂ ಹೇಗೆ? ಎಲ್ಲಿ ಇನ್‌ಸ್ಟಾಲ್ ಮಾಡಲಿ ಅಂತ ಕೇಳುವ ಪಟ್ಟಿ ಖಾಲಿ ಇರುತ್ತದೆ. ಡ್ರೈವರುಗಳನ್ನು ಇನ್‌ಸ್ಟಾಲ್ ಮಾಡುವ ಐಎಸ್‌ಒ ಫೈಲಿಗೇ ಸೇರಿಸಿ ಈ ಎರಡೂ ಗಂಡಾಂತರ ದಾಟುವ ಜಾಣರಿದ್ದಾರೆ. ಅವರಿಗೆ ಮುಂದೆ ಗ್ರಾಫಿಕ್ಸು, ವೈಫೈ, ನಂಬಿಕೆಯ ಸಹಿಯಿಲ್ಲದ ಓಎಸ್ ಏಳದಂತೆ ತಡೆಯುವ ಸೆಕ್ಯೂರ್ ಬೂಟ್ ಸಾಲಾಗಿ ನಿಂತಿರುತ್ತವೆ.

ಹತ್ತರಿಂದ ಹನ್ನೊಂದಕ್ಕೆ ಏರಿದವರು ವಾಪಸು ಬರುವುದು ಮಾತ್ರ ಸುಲಭ, ಆದರೆ 10 ದಿನದೊಳಗೆ. ಮೇಲ್ದರ್ಜೆಗೆ ಹೋಗುವಾಗ ವಿಂಡೋಸ್ ಹಳೆಯದನ್ನು ಅಳಿಸುವುದಿಲ್ಲ. ಬೇಡದ ಸಾಮಾನನ್ನು ಅಟ್ಟಕ್ಕೆ ಹಾಕಿದ ಹಾಗೆ ‘ವಿಂಡೋಸ್.ಓಲ್ಡ್’ ಅನ್ನುವ ಫೋಲ್ಡರಿಗೆ ಸಾಗಿಸಿ ಇಟ್ಟಿರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ವಾಪಸು ಹೋಗುವ ಗುಂಡಿ ಒತ್ತಿದರೆ ಅದೇ ಕೆಳಗಿಳಿದು ಬರುತ್ತದೆ. ನಿಮ್ಮ ಫೈಲುಗಳು ಉಳಿಯುತ್ತವೆ, ನಡುವೆ ಹಾಕಿಕೊಂಡ ಪ್ರೋಗ್ರಾಂಗಳು ಹೋಗುತ್ತವೆ. ಗಡುವು ಮುಗಿದ ಮೇಲೆ ಜಾಗ ತಿನ್ನುತ್ತದೆಂದು ವಿಂಡೋಸೇ ಆ ಫೋಲ್ಡರನ್ನು ಅಳಿಸಿಬಿಡುತ್ತದೆ. ಆಮೇಲೆ ಫಾರ್ಮ್ಯಾಟ್ ಹೊಡೆಸುವುದೊಂದೇ ದಾರಿ. ಗಡುವಿನೊಳಗೆ ಒಂದು ಕಮಾಂಡ್ ಕೊಟ್ಟು 60 ದಿನದವರೆಗೂ ಅದನ್ನು ಎಳೆಯಬಹುದು. ರಿಪೇರಿಯವರು ಇದನ್ನು ಗಿರಾಕಿಗೆ ಹೇಳಿದ್ದು ನಾನಂತೂ ಕೇಳಿಲ್ಲ.

‘ಸಿಸ್ಟಂ ಸ್ಲೋ’ ಅನ್ನುವ ಒಂದೇ ಕಾರಣಕ್ಕೆ ಹಿಂದಕ್ಕೆ ಹೋಗುವವರಿಗೆ ಒಂದು ಮಾತು. ತಿರುಗುವ ಹಾರ್ಡ್ ಡಿಸ್ಕು ಚದುರಿಬಿದ್ದ ಮಾಹಿತಿಯನ್ನು ಸೆಕೆಂಡಿಗೆ ಸುಮಾರು ನೂರು ಕಡೆಯಿಂದ ಹೆಕ್ಕಬಲ್ಲದು, ಎಸ್‌ಎಸ್‌ಡಿ ಹತ್ತಾರು ಸಾವಿರ ಕಡೆಯಿಂದ. ಹಳೆಯ ಲ್ಯಾಪ್‌ಟಾಪಿನ ಡಿಸ್ಕು ಬದಲಿಸಿ ನೋಡಿ, ಓಎಸ್ ಮುಟ್ಟುವುದೇ ಬೇಕಾಗದಿರಬಹುದು.

ಹಳೆಯ ಓಎಸ್ ನಿಧಾನವಾಗಿ ಸಾಯುವುದಿಲ್ಲ, ಹೊರಗಿಂದ ನೋಡಿದರೆ ಚೆನ್ನಾಗಿಯೇ ಓಡುತ್ತಿರುತ್ತದೆ. ಅಪಾಯ ಇರುವುದೂ ಅಲ್ಲೇ. 2017ರ ಮೇ 12ರಂದು ವನ್ನಾಕ್ರೈ ಎಂಬ ಕುತಂತ್ರಾಂಶ ಹರಡಿದಾಗ ಯಾರೂ ಯಾವ ಲಿಂಕನ್ನೂ ಒತ್ತಬೇಕಿರಲಿಲ್ಲ. ಫೈಲು ಹಂಚಿಕೊಳ್ಳುವ ವಿಂಡೋಸ್ ಸೌಲಭ್ಯದ ಒಂದು ತೂತಿನಿಂದ ಅದು ಮಷೀನಿನಿಂದ ಮಷೀನಿಗೆ ತಾನೇ ದಾಟುತ್ತಿತ್ತು. ಆ ತೂತಿನ ತೇಪೆ ಮಾರ್ಚ್‌ನಲ್ಲೇ ಬಂದಿತ್ತು, ಹಾಕಿಕೊಳ್ಳದವರು ಸಿಕ್ಕಿಬಿದ್ದರು. 2014ರ ಏಪ್ರಿಲ್‌ನಲ್ಲೇ ಬೆಂಬಲ ಮುಗಿದಿದ್ದ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ಆಗ ವಿಶೇಷವಾಗಿ ತೇಪೆ ಕೊಡಬೇಕಾಯಿತು. ನೆಟ್ ಇಲ್ಲದಿದ್ದರೆ ಸಾಕು ಅನ್ನುವಂತೆಯೂ ಇಲ್ಲ. ಡಿಟಿಪಿ ಅಂಗಡಿಗೆ ದಿನಾ ಯಾರ್ಯಾರದೋ ಪೆನ್‌ಡ್ರೈವ್ ಬರುತ್ತದೆ. 2008ರ ಕಾನ್‌ಫಿಕರ್ ಎಂಬ ಕುತಂತ್ರಾಂಶ ಹರಡಿದ ದಾರಿಗಳಲ್ಲಿ ಅದೂ ಒಂದು.

ತಯಾರಕರು ಹಿಂದಕ್ಕೆ ಹೋಗುವ ಬಾಗಿಲನ್ನು ಬೇಕೆಂದೇ ಮುಚ್ಚುತ್ತಿರುವುದಕ್ಕೂ ಇದೇ ಕಾರಣ. ಐಫೋನಿನ ಹಳೆಯ ಐಓಎಸ್‌ಗೆ ಆಪಲ್ ಡಿಜಿಟಲ್ ಸಹಿ ಹಾಕುವುದನ್ನು ನಿಲ್ಲಿಸಿದರೆ ಫೋನು ಅದನ್ನು ಒಪ್ಪುವುದಿಲ್ಲ. 2024ರ ಆಗಸ್ಟ್‌ನಲ್ಲಿ ಅಲಾನ್ ಲೆವಿಯೆವ್ ಎಂಬ ಸಂಶೋಧಕ, ಪೂರ್ತಿ ಅಪ್‌ಡೇಟ್ ಆದ ವಿಂಡೋಸಿನ ಮುಖ್ಯ ಫೈಲುಗಳನ್ನು ಗುಟ್ಟಾಗಿ ಹಳೆಯ ಆವೃತ್ತಿಗೆ ಇಳಿಸಿ, ಮುಚ್ಚಿದ್ದ ತೂತುಗಳನ್ನು ಮತ್ತೆ ತೆರೆದು ತೋರಿಸಿದ. ಅಷ್ಟಾದರೂ ಆ ವಿಂಡೋಸ್ ತಾನು ಅಪ್‌ಡೇಟ್ ಆಗಿದ್ದೇನೆ ಅಂತಲೇ ಹೇಳುತ್ತಿತ್ತು.

ಪೇಜ್‌ಮೇಕರ್ ಬಿಡಲಾಗದವರಿಗೆ ನಾನು ಹೇಳುವುದು ಇಷ್ಟೇ: ಇಲೆವೆನ್ ಇದ್ದಲ್ಲೇ ಇರಲಿ, ಅದರೊಳಗೆ ವರ್ಚುವಲ್ ಮಷೀನು (ತಂತ್ರಾಂಶವೇ ಕಟ್ಟಿಕೊಡುವ ಇನ್ನೊಂದು ಕಂಪ್ಯೂಟರು) ಮಾಡಿ ಎಕ್ಸ್‌ಪಿಯನ್ನೋ ಸೆವೆನ್ನನ್ನೋ ಹಾಕಿಕೊಳ್ಳಿ. ವರ್ಚುವಲ್‌ಬಾಕ್ಸ್ ಎಂಬ ತಂತ್ರಾಂಶ ಇದಕ್ಕೆ ಸಾಕು. ಅದು ಮಾಡುವ ಚಮತ್ಕಾರವೆಂದರೆ, ಒಳಗಿನ ಓಎಸ್‌ಗೆ 1990ರ ದಶಕದ ಇಂಟೆಲ್ ಚಿಪ್‌ಸೆಟ್ ಇರುವ ಸುಳ್ಳು ಮದರ್‌ಬೋರ್ಡನ್ನು ಸಾಫ್ಟ್‌ವೇರಿನಲ್ಲೇ ಕಟ್ಟಿಕೊಡುವುದು. ಎಕ್ಸ್‌ಪಿಗೆ ಕಾಣುವುದು ತನಗೆ ಪರಿಚಯದ ಐಡಿಇ ಹಾರ್ಡ್ ಡಿಸ್ಕ್, ಅದು ಅಸಲಿಗೆ ಇಲೆವೆನ್‌ನಲ್ಲಿರುವ ಒಂದು ದೊಡ್ಡ ಫೈಲು. 64 ಎಂಬಿ ರ‍್ಯಾಮಿನಲ್ಲೂ ಓಡುತ್ತಿದ್ದ ಎಕ್ಸ್‌ಪಿಗೆ 1 ಜಿಬಿ ಕೊಟ್ಟರೆ ಧಾರಾಳವಾಯಿತು. ಒಳಗಿನ ಮಷೀನಿನ ನೆಟ್‌ವರ್ಕ್ ತೆಗೆದುಬಿಡಿ. ಯುಎಸ್‌ಬಿ ಡಾಂಗಲನ್ನು ಒಳಕ್ಕೆ ದಾಟಿಸಬಹುದು. ಪ್ರಿಂಟರ್ ಪೋರ್ಟಿಗೆ ಸಿಕ್ಕಿಸುತ್ತಿದ್ದ ಡಾಂಗಲ್ ಆದರೆ ಹಳೆಯ ಮಷೀನನ್ನೇ ಇಟ್ಟುಕೊಳ್ಳುವುದು ಮೇಲು. ಒಳಗೆ ಹಾಕುವ ವಿಂಡೋಸ್‌ಗೂ ಲೈಸೆನ್ಸು ಬೇಕು. ಕೈಯಿಂದ ಕೈಗೆ ದಾಟುವ ಕ್ರ್ಯಾಕ್ ಪೆನ್‌ಡ್ರೈವಿನಲ್ಲಿ ಇನ್ನೇನೇನು ಅಡಗಿರುತ್ತದೋ ಕೊಟ್ಟವರಿಗೂ ತಿಳಿದಿರುವುದಿಲ್ಲ.

ಇದೂ ಶಾಶ್ವತ ಪರಿಹಾರವಲ್ಲ. ಫೈಲುಗಳನ್ನು ಒಂದೊಂದಾಗಿ ಯೂನಿಕೋಡಿಗೆ ಬದಲಿಸಿಕೊಳ್ಳುತ್ತಾ ಹೋದರೆ ಸರಪಳಿಯ ಮೊದಲ ಕೊಂಡಿಯೇ ಕಳಚುತ್ತದೆ. ಪರಿವರ್ತಕಗಳು ಉಚಿತವಾಗಿಯೇ ಸಿಗುತ್ತವೆ, ಆದರೆ ಕರಡು ತಿದ್ದದೆ ಬಿಡಬಾರದು. ಮುಖ್ಯವಾಗಿ ಅರ್ಕಾವತ್ತು ಇರುವ ಪದಗಳನ್ನು ನೋಡಿ. ‘ಧರ್ಮ’ ಅನ್ನುವಲ್ಲಿ ಹಳೆಯ ಫಾಂಟು ಕಣ್ಣಿಗೆ ಕಾಣುವ ಕ್ರಮದಲ್ಲೇ ಧ, ಮ, ಆಮೇಲೆ ಅರ್ಕಾವತ್ತು ಅಂತ ಇಟ್ಟುಕೊಂಡಿರುತ್ತದೆ. ಯೂನಿಕೋಡಿಗೆ ಉಚ್ಚಾರದ ಕ್ರಮ ಬೇಕು, ರಕಾರ ಮಕಾರಕ್ಕಿಂತ ಮೊದಲು ಬರಬೇಕು. ಪರಿವರ್ತಕ ಅದನ್ನು ಎತ್ತಿ ಹಿಂದಕ್ಕೆ ಇಡುತ್ತದೆ. ‘ಮರ್ತ್ಯ’, ‘ಸಾಮರ್ಥ್ಯ’ದಂಥ ಪದಗಳಲ್ಲಿ ಅರ್ಕಾವತ್ತಿನ ಜೊತೆ ಒತ್ತಕ್ಷರವೂ ಇರುವುದರಿಂದ ಎಷ್ಟು ಹಿಂದಕ್ಕೆ ಇಡಬೇಕೆಂಬುದರಲ್ಲಿ ಅದು ಎಡವುವುದು ಹೆಚ್ಚು.