ಒಂದೇ ಸಾಲು, ಬೇರೆ ಬೇರೆ ಉಕ್ಕು

ಕಾರ್ಖಾನೆಯ ಉಕ್ಕಿನ ಪೈಪು ಒಳಗಿನಿಂದ ಎಷ್ಟು ಸವೆದಿದೆ ಅಂತ ತಿಳಿಯಬೇಕೇ? ಪೈಪಿನ ಮೇಲೆ ಚೂರು ಜೆಲ್ ಹಚ್ಚಿ, ಪುಟ್ಟ ಪ್ರೋಬ್ ಒತ್ತಿ ಹಿಡಿದರೆ ಮೀಟರಿನಲ್ಲಿ ಅಂಕಿ ಮೂಡುತ್ತದೆ. ಹೊಟ್ಟೆ ಸ್ಕ್ಯಾನಿಂಗ್‌ಗೆ ಜೆಲ್ ಹಚ್ಚುತ್ತಾರಲ್ಲ, ಹಾಗೇ. ನಮ್ಮ ಕಿವಿಗೆ ಕೇಳದ ಸದ್ದು ಉಕ್ಕಿನೊಳಗೆ ಹೋಗಿ, ಒಳಮೈಗೆ ಬಡಿದು ವಾಪಸ್ ಬರುತ್ತದೆ. ಉಕ್ಕಿನಲ್ಲಿ ಸದ್ದಿನ ವೇಗ ಸೆಕೆಂಡಿಗೆ ಸುಮಾರು 5,900 ಮೀಟರ್. ಹೋಗಿಬರಲು ಹಿಡಿದ ಸಮಯದಿಂದ ಪೈಪಿನ ದಪ್ಪ ಗೊತ್ತಾಗುತ್ತದೆ. ಪೈಪು ಕೊಯ್ಯಬೇಕಿಲ್ಲ, ಕಾರ್ಖಾನೆ ನಿಲ್ಲಿಸಬೇಕಿಲ್ಲ.

ಇನ್ನೊಂದು ಹಳೇ ದಾರಿ ಕೂಪನ್. ಲೋಹದ ಸಣ್ಣ ಪಟ್ಟಿಯನ್ನು ತೂಗಿ ಪೈಪಿನೊಳಗೆ ಇಳಿಬಿಡುತ್ತಾರೆ. ಕೆಲವು ತಿಂಗಳಾದ ಮೇಲೆ ತೆಗೆದು, ತುಕ್ಕು ಉಜ್ಜಿ, ಮತ್ತೆ ತೂಗುತ್ತಾರೆ. ತೂಕ ಎಷ್ಟು ಇಳಿಯಿತೋ ಅದರಿಂದ ವರ್ಷಕ್ಕೆ ಎಷ್ಟು ಮಿಲಿಮೀಟರ್ ಸವೆತ ಅಂತ ಲೆಕ್ಕ. ಆದರೆ ಇದು ಆ ಪಟ್ಟಿಯ ಲೋಹದ ಲೆಕ್ಕ. ಪೈಪಿನ ಉಕ್ಕು ಬೇರೆಯಿದ್ದರೆ ಸವೆತವೂ ಬೇರೆ.

2012ರ ಆಗಸ್ಟ್ 6ರಂದು ಕ್ಯಾಲಿಫೋರ್ನಿಯಾದ ರಿಚ್ಮಂಡ್‌ನಲ್ಲಿ ಆಗಿದ್ದು ನೋಡಿ. ಶೆವ್ರಾನ್ ತೈಲ ಸಂಸ್ಕರಣಾಗಾರದಲ್ಲಿ ಎಂಟು ಇಂಚಿನ ಪೈಪು ಸೋರಿತು, ಆಮೇಲೆ ಹರಿದೇ ಹೋಯಿತು. ಬಿಸಿ ಎಣ್ಣೆಯ ಆವಿ 19 ಕೆಲಸಗಾರರನ್ನು ಸುತ್ತಿಕೊಂಡಿತು. ಬೆಂಕಿ ಹೊತ್ತಿತು. ಪುಣ್ಯಕ್ಕೆ ಎಲ್ಲರೂ ಬದುಕಿದರು. ಆದರೆ ಹೊಗೆಯಿಂದಾಗಿ ಮುಂದಿನ ವಾರಗಳಲ್ಲಿ ಸುತ್ತಮುತ್ತಲಿನ ಸುಮಾರು 15,000 ಜನ ಆಸ್ಪತ್ರೆಗಳಿಗೆ ಹೋದರು.

ಇದು ನೀರಿನ ತುಕ್ಕಲ್ಲ. ಎಣ್ಣೆ ಸುಮಾರು 340 ಡಿಗ್ರಿ ಸೆಲ್ಸಿಯಸ್ ಬಿಸಿಯಿತ್ತು. ಅಷ್ಟು ಕಾವಿನಲ್ಲಿ ಎಣ್ಣೆಯಲ್ಲಿರುವ ಗಂಧಕವೇ ಕಬ್ಬಿಣವನ್ನು ತಿನ್ನುತ್ತದೆ. ಉಕ್ಕಿನಲ್ಲಿ ಚಿಟಿಕೆಯಷ್ಟು ಸಿಲಿಕಾನ್ ಇದ್ದರೂ ಸವೆತ ನಿಧಾನ. ಹರಿದ 52 ಇಂಚು ಉದ್ದದ ತುಂಡಿನಲ್ಲಿ ಇದ್ದದ್ದು ಬರೀ 0.01 ಶೇಕಡಾ. ಪಕ್ಕದ ಬೆಂಡಿನಲ್ಲಿ, ಅಂದರೆ ಪೈಪು ಬಾಗುವ ಕಡೆ, 0.16. ಒಂದೇ ಪೈಪಿನ ಸಾಲು, ಒಂದೇ ಎಣ್ಣೆ. ಬೆಂಡು ಗಟ್ಟಿಯಾಗೇ ಉಳಿಯಿತು. ಈ 52 ಇಂಚಿನ ತುಂಡಿನ ದಪ್ಪ ಮಾತ್ರ ಹರಿದ ಜಾಗದ ಹತ್ತಿರ ಸರಾಸರಿ 90 ಶೇಕಡಾದಷ್ಟು ಹೋಗಿತ್ತು.

ನನಗೆ ತುಂಬಾ ಸಂಕಟವಾಗುವುದು ಇಲ್ಲಿ: 2002ರಲ್ಲೇ ಒಬ್ಬರು ಈ ತುಂಡನ್ನು ಅಳೆದಿದ್ದರು. ಮೂರನೇ ಒಂದು ಭಾಗ ಸವೆದಿದ್ದು ಕಂಡಿತ್ತು. ಆದರೂ ನಿಗದಿತವಾಗಿ ಅಳೆಯುವ ಜಾಗಗಳ ಪಟ್ಟಿಗೆ ಅದು ಸೇರಲಿಲ್ಲ. ಬೆಂಡುಗಳಲ್ಲಿ ಅಳತೆ ನಡೆದೇ ಇತ್ತು, ಅಂಕಿಗಳೂ ಚೆನ್ನಾಗೇ ಇದ್ದವು.

ಹಳೇ ಸಾಲುಗಳಲ್ಲಿ ಯಾವ ತುಂಡಿನಲ್ಲಿ ಎಷ್ಟು ಸಿಲಿಕಾನ್ ಇದೆ ಅಂತ ಹೊರಗಿನಿಂದ ನೋಡಿದರೆ ತಿಳಿಯದು, ಅಲ್ವಾ? ಹಾಗಾಗಿ ಎರಡು ಬೆಸುಗೆಗಳ ನಡುವಿನ ಪ್ರತಿ ತುಂಡಿಗೂ ಪ್ರೋಬ್ ಹಿಡಿಯಬೇಕು. ಇಲ್ಲದಿದ್ದರೆ ಇಡೀ ಸಾಲನ್ನೇ ಬಿಚ್ಚಿ, 9 ಶೇಕಡಾ ಕ್ರೋಮಿಯಂ ಇರುವ ಉಕ್ಕು ಹಾಕಬೇಕು. ಖರ್ಚು ಜಾಸ್ತಿ, ನಿಜ. ಆದರೆ ಆ ಉಕ್ಕನ್ನು ಗಂಧಕ ಅಷ್ಟು ಸುಲಭವಾಗಿ ತಿನ್ನಲಾರದು.